ಸೋರುವ ಮಾಡಿಗೆ ಯಾರು ಬರಬೇಕು?

ಶಾಲೆ ತೆರೆಯಲು ಇನ್ನು ಎರಡು ವಾರಗಳಿವೆ. ನಮ್ಮ ಗಡಿನಾಡಿನ ಶಾಲೆಗಳ ಅಂಗಳಗಳಲ್ಲಿ ಈಗ ಸುಣ್ಣದ ವಾಸನೆ. ಪ್ರವೇಶೋತ್ಸವದ ತೋರಣಕ್ಕೆ ಬಣ್ಣದ ಕಾಗದ ಕತ್ತರಿಸುವ ಸಡಗರ. ಕಳೆದ ವಾರ ಬಸ್ಸಿಗಾಗಿ ಕಾಯುತ್ತಿದ್ದಾಗ ಪರಿಚಯದ ಹೆತ್ತವರೊಬ್ಬರು ಹತ್ತಿರ ಬಂದು, "ಮಾಷ್ಟ್ರೇ, ಶಾಲೆಯ ಮಾಡು ಸೋರಿದರೆ ನಾವು ಹೇಳಬೇಕಾದದ್ದು ಯಾರಿಗೆ?" ಎಂದು ಕೇಳಿದರು. ಮೂವತ್ತು ವರ್ಷ ಶಾಲೆಯಲ್ಲಿ ಕಳೆದವನಿಗೆ ಇದರ ಉತ್ತರ ಬಾಯಿತುದಿಯಲ್ಲಿರಬೇಕಿತ್ತು. ಮುಖ್ಯೋಪಾಧ್ಯಾಯರಿಗೆ ಹೇಳಿ ಎಂದೆ. "ಅವರು ಯಾರಿಗೆ ಹೇಳುತ್ತಾರೆ?" ಎಂದರು. ಅಷ್ಟರಲ್ಲಿ ಬಸ್ಸು ಬಂದದ್ದು ನನ್ನ ಪುಣ್ಯ.

ಬಸ್ಸಿನಲ್ಲಿ ಕುಳಿತ ಮೇಲೆ, ನಾನೇ ಮುಖ್ಯೋಪಾಧ್ಯಾಯನಾಗಿದ್ದ ಕಾಲದ ಒಂದು ಪ್ರಸಂಗ ನೆನಪಾಯಿತು. ಆ ಶಾಲೆ ಯಾವುದೆಂದು ಹೇಳುವ ಅಗತ್ಯವಿಲ್ಲ. ಅಂಥವು ನಮ್ಮಲ್ಲಿ ಹಲವು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಉದ್ದಕ್ಕೆ ಒಂದು ಜಗಲಿ. ಜೂನ್ ಒಂದರಂದು ಶಾಲೆ ತೆರೆಯಿತು. ಮಳೆಯೂ ಅದೇ ವಾರ ಹಿಡಿಯಿತು. ಮೂರನೆಯ ತರಗತಿಯ ಕೋಣೆಯಲ್ಲಿ ಎರಡು ಮಾಡುಗಳು ಕೂಡುವ ಮೂಲೆಯಿಂದ ನೀರು ಇಳಿಯತೊಡಗಿತು. ನೆಲಕ್ಕೆ ಬಿದ್ದಿದ್ದರೆ ಬಾಲ್ದಿ ಇಟ್ಟು ಸುಧಾರಿಸಬಹುದಿತ್ತು. ಅದು ಗೋಡೆಗುಂಟ ಇಳಿದು ವಿದ್ಯುತ್ ಸ್ವಿಚ್ಚುಗಳ ಹಲಗೆಯವರೆಗೆ ಬಂದಿತ್ತು. ಮಕ್ಕಳನ್ನು ಎಬ್ಬಿಸಿ, ನಾಲ್ಕನೆಯ ತರಗತಿಯವರ ಜೊತೆಗೆ ಕೂರಿಸಿದೆ. ಎರಡು ತರಗತಿ, ಒಂದು ಕೋಣೆ, ಇಬ್ಬರು ಅಧ್ಯಾಪಕರು. ಒಬ್ಬರು ಮಗ್ಗಿ ಹೇಳಿಸುವಾಗ ಇನ್ನೊಬ್ಬರು ಪದ್ಯ ಓದಿಸುವ ಪರಿಸ್ಥಿತಿ.

ಹಂಚು ಹೊದೆಸುವವನು ಬಂದದ್ದು ಜುಲೈಯಲ್ಲಿ. ಪಾಚಿ ಹಿಡಿದ ಹಂಚಿನ ಮೇಲೆ ಮಳೆಯಲ್ಲಿ ಹತ್ತಲಾಗದು ಎಂಬ ಅವನ ಮಾತು ನ್ಯಾಯವಾದದ್ದೇ. ಒಂದು ಬಿಸಿಲಿನ ದಿನ ನೋಡಿ ಹತ್ತಿದ, ಒಡೆದ ನಾಲ್ಕು ಹಂಚು ಬದಲಿಸಿದ, ಕೂಲಿ ಪಡೆದು ಹೋದ. ಮಾರನೆಯ ಮಳೆಗೆ ಮತ್ತೆ ಸೋರಿತು. ಹಂಚಿನ ಕೆಳಗಿನ ರೀಪು ಗೆದ್ದಲು ತಿಂದು ಕುಸಿದಿದ್ದರಿಂದ ಹೊಸ ಹಂಚೂ ಜಾರಿತ್ತು. ರೀಪು ಬಡಗಿಯ ಕೆಲಸ. ಬಡಗಿ ಬಂದದ್ದು ಓಣಂ ರಜೆ ಕಳೆದ ಮೇಲೆ. ಅವನು ಹಂಚು ಇಳಿಸಿ, ರೀಪನ್ನೂ ಒಂದು ಪಕ್ಕಾಸನ್ನೂ ಬದಲಿಸಿ, "ಹಂಚು ಇಡುವುದು ನನ್ನ ಕೆಲಸವಲ್ಲ" ಎಂದು ಹೊರಟ. ಅಷ್ಟು ಜಾಗಕ್ಕೆ ಹತ್ತು ದಿನ ಟಾರ್ಪಾಲಿನೇ ಮಾಡು. ಹಂಚಿನವನು ಮರಳಿ ಬಂದ ನಂತರ ವಯರಿಂಗ್ ನೋಡುವವನಿಗಾಗಿ ಕಾದೆವು. ಅವನು ನೋಡಿ, "ಗೋಡೆ ಒಣಗಲಿ" ಎಂದ. ಅಂತೂ ಮೂರನೆಯ ತರಗತಿ ತನ್ನ ಕೋಣೆಗೆ ಮರಳುವಾಗ ಅಕ್ಟೋಬರ್ ಮುಗಿಯುತ್ತ ಬಂದಿತ್ತು.

ಇವರಲ್ಲಿ ಯಾರನ್ನೂ ದೂರಲಾರೆ. ಪ್ರತಿಯೊಬ್ಬನೂ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ. ಎಲ್ಲ ಮುಗಿದ ಮೇಲೆ ಬಡಗಿ ಒಂದು ಮಾತು ಹೇಳಿದ: "ಮಾಷ್ಟ್ರೇ, ನನ್ನನ್ನೂ ಹಂಚಿನವನನ್ನೂ ಒಂದೇ ದಿನ ಕರೆದಿದ್ದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯುತ್ತಿತ್ತು." ಅರ್ಧ ದಿನದ ಕೆಲಸಕ್ಕೆ ಐದು ತಿಂಗಳು ಹಿಡಿದಿತ್ತು.

ಆ ಐದು ತಿಂಗಳಲ್ಲಿ ನಷ್ಟವಾದದ್ದು ಏನೆಂದು ಕನ್ನಡ ಶಾಲೆಯ ಹೆತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಎಣಿಕೆ ನಡೆಯುತ್ತದೆ. ಅಧ್ಯಾಪಕರ ಹುದ್ದೆಗಳು ನಿಲ್ಲುವುದೂ ಬೀಳುವುದೂ ಆ ಎಣಿಕೆಯ ಮೇಲೆ. ವಾಡಿಕೆಯ ಪ್ರಕಾರ ಮುಂಗಾರು ಕೇರಳಕ್ಕೆ ಕಾಲಿಡುವುದು ಜೂನ್ ಒಂದಕ್ಕೆ. ಅಂದರೆ ಮಾಡಿನ ಪರೀಕ್ಷೆಯೂ ಮಕ್ಕಳ ಎಣಿಕೆಯೂ ಒಂದೇ ವಾರ. ಆ ವರ್ಷ ಅದೇ ವಾರದೊಳಗೆ ಒಬ್ಬರು ತಮ್ಮ ಇಬ್ಬರು ಮಕ್ಕಳ ಟಿ.ಸಿ. ಕೇಳಿ ಬಂದರು. ಕಾರಣ ಕೇಳಿದಾಗ ಮಾಡಿನ ಕಡೆ ನೋಡಿದರು, ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹುದ್ದೆ ಆ ವರ್ಷ ಉಳಿಯಿತು. ಎರಡು ವರ್ಷಗಳ ನಂತರ ಉಳಿಯಲಿಲ್ಲ. ಅದಕ್ಕೆಲ್ಲ ನಾಲ್ಕು ಹಂಚೇ ಕಾರಣವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ಪೇಟೆಯ ಆಂಗ್ಲ ಮಾಧ್ಯಮ ಶಾಲೆಗೆ ಕಳುಹಿಸಲೋ ಬೇಡವೋ ಎಂದು ಹೊಯ್ದಾಡುವ ಮನಸ್ಸಿಗೆ ಒಂದು ನೆಪ ಸಾಕಾಗುತ್ತದೆ, ಆ ನೆಪವನ್ನು ನಾವೇ ಒದಗಿಸಬಾರದು.

ದೊಡ್ಡ ಆವರಣಗಳನ್ನು ನೋಡಿಕೊಳ್ಳುವವರು ಇದೇ ತೊಡಕನ್ನು ಬಹಳ ಹಿಂದೆಯೇ ಎದುರಿಸಿದ್ದಾರೆ. ನೂರಾರು ಕಟ್ಟಡಗಳಿರುವ ವಿಶ್ವವಿದ್ಯಾಲಯವೊಂದನ್ನು ಊಹಿಸಿಕೊಳ್ಳಿ. ಹಳೆಯ ಪದ್ಧತಿಯಲ್ಲಿ ಅಲ್ಲಿ ಬಡಗಿಗಳಿಗೆ ಒಂದು ಶೆಡ್ಡು, ಕೊಳಾಯಿ ಕೆಲಸದವರಿಗೆ ಇನ್ನೊಂದು, ವಿದ್ಯುತ್ತಿನವರಿಗೆ ಮತ್ತೊಂದು. ದೂರು ಬಂದರೆ ಚೀಟಿ ಬರೆದು ಆಯಾ ಶೆಡ್ಡಿಗೆ ಕಳುಹಿಸುತ್ತಾರೆ. ಒಂದು ದೂರಿಗೆ ಮೂರು ಕೈಗಳು ಬೇಕಾದರೆ ಮೂರು ಚೀಟಿ, ಮೂರು ಸರದಿ. ಕೆಲಸಗಾರನು ಇವತ್ತು ಒಂದು ತುದಿಯ ಕಟ್ಟಡದಲ್ಲಿ, ನಾಳೆ ಇನ್ನೊಂದು ತುದಿಯಲ್ಲಿ. ಯಾವ ಕಟ್ಟಡವೂ ಅವನದಲ್ಲ. ಇದನ್ನು ತಿರುಗಿಸಿ ಹಲವು ಕಡೆ ವಲಯ ಪದ್ಧತಿಯನ್ನು ತಂದರು. ಆವರಣವನ್ನು ನಾಲ್ಕೈದು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೆ ಒಬ್ಬ ಬಡಗಿ, ಒಬ್ಬ ಮೇಸ್ತ್ರಿ, ಒಬ್ಬ ಕೊಳಾಯಿಯವನು, ಒಬ್ಬ ವಿದ್ಯುತ್ ಕೆಲಸಗಾರ, ಇವರ ಮೇಲೆ ಒಬ್ಬ ಮೇಲ್ವಿಚಾರಕ ಇರುವ ಚಿಕ್ಕ ತಂಡವನ್ನು ಒಪ್ಪಿಸುವುದು. ಆ ಕಟ್ಟಡಗಳಲ್ಲಿ ಏನೇ ಆದರೂ ಉತ್ತರಿಸಬೇಕಾದದ್ದು ಆ ತಂಡವೇ.

ನಮ್ಮ ದೇಶಕ್ಕೂ ಇದು ಹೊಸತಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯು ತನ್ನ ಸರಕಾರಿ ವಸತಿ ಕಾಲೊನಿಗಳಲ್ಲಿ ವಿಚಾರಣಾ ಕಚೇರಿಗಳನ್ನು ನಡೆಸುತ್ತದೆ. ಆ ಕಾಲೊನಿಯ ದೂರು ಹೋಗುವುದು ಅಲ್ಲಿಗೇ. ಮೇಸ್ತ್ರಿ, ಬಡಗಿ, ಕೊಳಾಯಿಯವರ ಗುಂಪು ಹೊರಡುವುದೂ ಅಲ್ಲಿಂದಲೇ. ದುರಸ್ತಿಯನ್ನು ದೈನಂದಿನ, ವಾರ್ಷಿಕ, ವಿಶೇಷ ಎಂದು ಆ ಇಲಾಖೆ ಮೂರಾಗಿ ವಿಂಗಡಿಸುವ ಕ್ರಮವೂ ನಮಗೆ ಉಪಯುಕ್ತ. ನಳ್ಳಿ ಸೋರುವುದು ದೈನಂದಿನ, ಸುಣ್ಣಬಣ್ಣ ವಾರ್ಷಿಕ, ಮಾಡು ಬಿಚ್ಚಿ ಹೊಸದಾಗಿ ಹೊದೆಸುವುದು ವಿಶೇಷ. ನಮ್ಮ ಶಾಲೆಗಳಲ್ಲಿ ವಾರ್ಷಿಕವೊಂದು ಹೇಗೋ ನಡೆಯುತ್ತದೆ, ವಿಶೇಷಕ್ಕೆ ಯಾರಾದರೂ ಜನಪ್ರತಿನಿಧಿಯ ಕೃಪೆ ಬೇಕು. ದೈನಂದಿನಕ್ಕೆ ಮಾತ್ರ ದಿಕ್ಕಿಲ್ಲ. ದೊಡ್ಡ ಕೇಡುಗಳೆಲ್ಲ ಹುಟ್ಟುವುದು ಈ ದಿಕ್ಕಿಲ್ಲದ ದೈನಂದಿನದಲ್ಲಿ.

ಅಷ್ಟೇಕೆ, ಊರಿನ ಕಡೆಗೆ ಕಣ್ಣು ಹಾಯಿಸಿದರೂ ಸಾಕು. ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿನ ಲೈನ್‌ಮ್ಯಾನಿಗೆ ಗಾಳಿ ಬೀಸಿದರೆ ಯಾವ ತಿರುವಿನ ಕಂಬಕ್ಕೆ ಯಾರ ತೋಟದ ತೆಂಗಿನ ಮಡಲು ಬೀಳುತ್ತದೆ ಎಂಬುದು ಗೊತ್ತು. ಹರಿತ ಕರ್ಮಸೇನೆಯ ಹೆಂಗಸರು ತಮ್ಮ ವಾರ್ಡಿನಲ್ಲಿ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯವರು ಹಣ ಕೊಡಲು ಸತಾಯಿಸುತ್ತಾರೆ ಎಂದು ಬಲ್ಲರು. ರಾಜ್ಯದ ಲೋಕೋಪಯೋಗಿ ಇಲಾಖೆ ರಸ್ತೆಗಳಿಗೆ ರನ್ನಿಂಗ್ ಕಾಂಟ್ರಾಕ್ಟ್ ಎಂಬ ಕ್ರಮ ತಂದು, ಇಂತಿಷ್ಟು ಕಿಲೋಮೀಟರು ಇಂತಹವರ ಹೊಣೆಯೆಂದು ದೂರವಾಣಿ ಸಂಖ್ಯೆ ಸಹಿತ ಫಲಕ ನೆಟ್ಟಿರುವುದನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ರಸ್ತೆಯ ಹೊಂಡಕ್ಕೆ ಒಬ್ಬ ಒಡೆಯನಿದ್ದಾನೆ ಎಂದಾಯಿತು. ತರಗತಿಯ ನೆಲದ ಬಿರುಕಿಗೆ ಇಲ್ಲ.

ಬಿರುಕು ಎಂದಾಗ ಎದೆ ಝಲ್ಲೆನ್ನುತ್ತದೆ. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಐದನೆಯ ತರಗತಿಯ ಹುಡುಗಿಯೊಬ್ಬಳಿಗೆ ತರಗತಿಯ ಕೋಣೆಯಲ್ಲೇ ಹಾವು ಕಚ್ಚಿತು. ಹಾವು ಇದ್ದದ್ದು ನೆಲದ ಅಂಚಿನ ಪೊಟರೆಯಲ್ಲಿ. ಒಂದು ಬಾಣಲೆ ಸಿಮೆಂಟು ಗಾರೆಯಿಂದ ಮುಚ್ಚಬಹುದಾಗಿದ್ದ ಪೊಟರೆ. 2023ರ ಜುಲೈಯಲ್ಲಿ ನಮ್ಮದೇ ಪುತ್ತಿಗೆ ಪಂಚಾಯತಿನ ಅಂಗಡಿಮೊಗರಿನಲ್ಲಿ ಶಾಲೆ ಬಿಟ್ಟು ಹೊರಟ ಆರನೆಯ ತರಗತಿಯ ಮಗುವಿನ ಮೇಲೆ ಮರ ಉರುಳಿತು. 2025ರ ಜುಲೈಯಲ್ಲಿ ಕೊಲ್ಲಂ ಜಿಲ್ಲೆಯ ತೇವಲಕ್ಕರದಲ್ಲಿ ಸೈಕಲ್ ಶೆಡ್ಡಿನ ಮಾಡಿಗೆ ಬಿದ್ದ ಚಪ್ಪಲಿ ತೆಗೆಯಲು ಹತ್ತಿದ ಎಂಟನೆಯ ತರಗತಿಯ ಹುಡುಗನಿಗೆ ಮೇಲೆ ಹಾದುಹೋದ ವಿದ್ಯುತ್ ತಂತಿ ತಗಲಿತು. ಮೂರೂ ಮಕ್ಕಳು ಉಳಿಯಲಿಲ್ಲ. ಒಂದು ಮೇಸ್ತ್ರಿಯ ಕೆಲಸ, ಒಂದು ಮರ ಕಡಿಯುವವನ ಕೆಲಸ, ಒಂದು ವಿದ್ಯುತ್ ಇಲಾಖೆಯ ಕೆಲಸ. ಮೂರನ್ನೂ ದಿನನಿತ್ಯ ಕಣ್ಣಿಂದ ನೋಡುತ್ತಿದ್ದವರು ಇದ್ದೇ ಇದ್ದರು. ನೋಡುವ ಕಣ್ಣಿಗೂ ಮಾಡುವ ಕೈಗೂ ನಡುವಿನ ದಾರಿ ಯಾವುದೆಂಬುದೇ ಪ್ರಶ್ನೆ. ದುರಂತಗಳ ನಂತರ ರಾಜ್ಯದ ಶಾಲೆಗಳನ್ನೆಲ್ಲ ತಪಾಸಣೆ ಮಾಡಬೇಕೆಂಬ ಆದೇಶಗಳು ಹೊರಡುತ್ತವೆ. ತಪಾಸಣೆ ನಡೆಯುತ್ತದೆ, ಪಟ್ಟಿ ತಯಾರಾಗುತ್ತದೆ. ಪಟ್ಟಿಯನ್ನು ಹಿಡಿದು ಗಾರೆ ಕಲಸುವವರು ಯಾರು?

ನಮ್ಮ ವ್ಯವಸ್ಥೆಯ ಸ್ವರೂಪವನ್ನು ಸ್ವಲ್ಪ ನೋಡೋಣ. ಕಳೆದ ಶತಮಾನದ ತೊಂಬತ್ತರ ದಶಕದ ಅಧಿಕಾರ ವಿಕೇಂದ್ರೀಕರಣದಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳ ಕಟ್ಟಡಗಳು ಗ್ರಾಮ ಪಂಚಾಯತುಗಳ ಪಾಲಿಗೂ ಪ್ರೌಢಶಾಲೆಗಳು ಜಿಲ್ಲಾ ಪಂಚಾಯತಿನ ಪಾಲಿಗೂ ಬಂದವು. ಅನುದಾನಿತ ಶಾಲೆಗಳ ಕಟ್ಟಡ ವ್ಯವಸ್ಥಾಪಕರ ಹೊಣೆ. ಪ್ರತಿ ವರ್ಷ ಶಾಲೆ ತೆರೆಯುವ ಮೊದಲು ಸ್ಥಳೀಯ ಸಂಸ್ಥೆಯ ಎಂಜಿನಿಯರರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ಪಡೆಯಬೇಕು. ಎಂಜಿನಿಯರರು ಬರುವುದು ಮೇ ತಿಂಗಳಲ್ಲಿ, ರಸ್ತೆ, ಚರಂಡಿ, ಅಂಗನವಾಡಿ, ಮನೆ ನಂಬ್ರಗಳ ನಡುವೆ ಬಿಡುವು ಮಾಡಿಕೊಂಡು. ಮೇ ತಿಂಗಳಲ್ಲಿ ಯಾವ ಮಾಡೂ ಸೋರುವುದಿಲ್ಲ ಎಂಬುದು ನಮ್ಮ ಊರಿನ ಶಿಶುವಿಗೂ ತಿಳಿದ ವಿಷಯ.

ಆದುದರಿಂದ ನನ್ನ ಯೋಚನೆ ಹೀಗೆ ಸಾಗುತ್ತದೆ. ಎಣ್ಮಕಜೆ, ಪೈವಳಿಕೆಗಳಂತಹ ಗುಡ್ಡಗಾಡಿನ ಪಂಚಾಯತನ್ನು ಒಂದು ದೊಡ್ಡ ಆವರಣವೆಂದೇ ಭಾವಿಸೋಣ. ಕಟ್ಟಡಗಳ ನಡುವೆ ಹುಲ್ಲುಹಾಸಿನ ಬದಲು ಕಂಗಿನ ತೋಟವೂ ತೋಡೂ ಇವೆ, ಅಷ್ಟೇ. ಒಂದೇ ಬಸ್ಸು ದಾರಿಯಲ್ಲಿ ಬರುವ ಶಾಲೆ, ಅಂಗನವಾಡಿ, ಆರೋಗ್ಯ ಉಪಕೇಂದ್ರಗಳನ್ನು ಸೇರಿಸಿ ಒಂದು ವಲಯ ಮಾಡಬೇಕು. ವಲಯಕ್ಕೆ ಮೇಸ್ತ್ರಿ, ಬಡಗಿ, ಕೊಳಾಯಿಯವನು, ವಯರ್‌ಮ್ಯಾನ್. ಇವರು ಸರಕಾರಿ ನೌಕರರಾಗಬೇಕಾಗಿಲ್ಲ; ವರ್ಷದ ಒಪ್ಪಂದದ ಮೇಲೆ ತಿಂಗಳಿಗೆ ಇಂತಿಷ್ಟು ದಿನ ಎಂದು ಗೊತ್ತುಮಾಡಿದ ಊರಿನವರೇ ಆಗಬಹುದು. ಮುಖ್ಯವಾದದ್ದು, ಅವರು ಒಟ್ಟಿಗೆ ಬರಬೇಕು. ಮತ್ತು ದೂರಿಗೆ ಕಾಯದೆಯೂ ಬರಬೇಕು: ಮೇ ತಿಂಗಳಲ್ಲೊಮ್ಮೆ, ಮಳೆ ಹಿಡಿದು ಒಂದು ವಾರವಾದ ಮೇಲೆ ಕಡ್ಡಾಯವಾಗಿ ಇನ್ನೊಮ್ಮೆ. ಎರಡನೆಯ ಭೇಟಿಯಲ್ಲಿ ಕೆಲಸ ಮಾಡಲಾಗದಿದ್ದರೂ ಸೀಮೆಸುಣ್ಣದಿಂದ ಗುರುತು ಹಾಕಿದರೆ ಸಾಕು. ಮುಂದಿನ ಬಿಸಿಲಿಗೆ ಹತ್ತುವವನು ಹುಡುಕುತ್ತ ಕೂರಬೇಕಾಗಿಲ್ಲ.

ಕಟ್ಟಡವನ್ನು ಬಲ್ಲವನ ಬೆಲೆ ಎಷ್ಟೆಂಬುದಕ್ಕೆ ಹಂಚನ್ನೇ ನೋಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಎಷ್ಟೋ ಕಾರ್ಖಾನೆಗಳು ಹುಟ್ಟಿದವು, ಮುಚ್ಚಿದವು. ಒಂದರ ಹಂಚು ಇನ್ನೊಂದರ ಹಂಚಿಗೆ ಸರಿಯಾಗಿ ಕಚ್ಚಿ ಕೂರುವುದಿಲ್ಲ. ಕೂದಲೆಳೆಯ ಅಂತರದಲ್ಲಿ ಗಾಳಿಮಳೆ ನುಗ್ಗುತ್ತದೆ. ಯಾವ ಶಾಲೆಗೆ ಯಾವ ಛಾಪಿನ ಹಂಚು ಎಂದು ತಿಳಿದವನು, ಊರಿನ ಹಳೆಯ ಮನೆ ಕೆಡಹುವಾಗ ಅದೇ ಛಾಪಿನ ನೂರು ಹಂಚನ್ನು ತಂದು ಶಾಲೆಯ ಹಿಂದೆ ಪೇರಿಸಿಡುತ್ತಾನೆ. ಹೊರಗಿನ ಗುತ್ತಿಗೆದಾರನು ಪೇಟೆಯಲ್ಲಿ ಸಿಕ್ಕಿದ್ದನ್ನು ತಂದು ಹಾಕಿ ಬಿಲ್ಲು ಬರೆಯುತ್ತಾನೆ. ಹಿಂದಿನ ಕಾಲದಲ್ಲಿ ಪ್ರತಿ ಶಾಲೆಗೂ ಅದರದ್ದೇ ಒಬ್ಬ ಆಚಾರಿ ಇರುತ್ತಿದ್ದ. ವಿಷುವಿನ ಹೊತ್ತಿಗೆ ತಾನಾಗಿ ಬಂದು ಬೆಂಚಿನ ಕಾಲು ಅಲುಗಾಡಿಸಿ ನೋಡಿ ಹೋಗುತ್ತಿದ್ದ. ವಲಯ ಎಂಬ ಹೆಸರು ಅವನಿಗೆ ತಿಳಿದಿರಲಿಲ್ಲ.

ಈ ಪದ್ಧತಿಗೆ ತೊಡಕುಗಳಿಲ್ಲವೆಂದು ಹೇಳಿದರೆ ಓದುಗರಿಗೆ ಮೋಸ ಮಾಡಿದಂತೆ. ಒಂದು ವಲಯದಲ್ಲಿ ಬಡಗಿಗೆ ತಿಂಗಳುಗಟ್ಟಲೆ ಕೆಲಸವಿರದೆ, ಪಕ್ಕದ ವಲಯದಲ್ಲಿ ಕೆಲಸ ರಾಶಿ ಬೀಳಬಹುದು. ಆಗ "ನಮ್ಮವನನ್ನು ಕೊಡುವುದಿಲ್ಲ" ಎಂಬ ಜಗಳ ಹುಟ್ಟುತ್ತದೆ. ಎಲ್ಲ ವಲಯಗಳಿಗೂ ಉದ್ದದ ಏಣಿ, ಪಂಪು ಎತ್ತುವ ಸರಪಳಿ ಕೊಂಡು ಕೊಡಲಾಗದು. ಅಂಥವು ಪಂಚಾಯತಿನಲ್ಲೇ ಇದ್ದು, ಬೇಕಾದಾಗ ಹೋಗಬೇಕು. ಬಾವಿಯ ನೀರಿನ ಪರೀಕ್ಷೆ, ಕಟ್ಟಡದ ಬಲದ ಪರೀಕ್ಷೆ ತಂಡಕ್ಕೆ ಸೇರಿದ್ದಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಮೇಲ್ವಿಚಾರಣೆಯದು. ತಂಡದ ಹಿರಿಯ ಮೇಸ್ತ್ರಿಯಾಗಿದ್ದರೆ, ವಯರ್‌ಮ್ಯಾನ್ ಮಾಡಿದ ಕೆಲಸ ಸರಿಯೋ ತಪ್ಪೋ ಎಂದು ಅವನು ಹೇಳಬಲ್ಲನೇ? ಎಲ್ಲರೂ ಎಲ್ಲವನ್ನೂ ಸ್ವಲ್ಪಸ್ವಲ್ಪ ಮಾಡಲಿ ಎಂಬ ಉತ್ಸಾಹ ಇಂತಹ ತಂಡಗಳಲ್ಲಿ ಬೇಗ ಹುಟ್ಟುತ್ತದೆ. ನಳ್ಳಿಯ ವಾಷರನ್ನು ಬಡಗಿ ಬದಲಿಸಿದರೆ ಆಕಾಶ ಬೀಳುವುದಿಲ್ಲ. ವಿದ್ಯುತ್ ಹಲಗೆಗೆ ಮಾತ್ರ ಪರವಾನಗಿ ಇರುವವನೇ ಕೈ ಹಾಕಬೇಕು, ಅವನ ಕೆಲಸವನ್ನು ಆ ವಿದ್ಯೆ ಬಲ್ಲವರೇ ನೋಡಬೇಕು. ಇಲ್ಲಿ ನಾನು ಹಳೆಯ ಪದ್ಧತಿಯ ಪಕ್ಷದಲ್ಲಿಯೇ ನಿಲ್ಲುತ್ತೇನೆ.

ಅನುದಾನಿತ ಶಾಲೆಗಳ ಪ್ರಶ್ನೆ ಬೇರೆ. ನಮ್ಮ ಕನ್ನಡ ಶಾಲೆಗಳಲ್ಲಿ ಅವುಗಳ ಪಾಲು ಸಣ್ಣದಲ್ಲ. ಪಂಚಾಯತಿನ ಹಣದಿಂದ ಖಾಸಗಿ ವ್ಯವಸ್ಥಾಪಕರ ಮಾಡು ರಿಪೇರಿ ಮಾಡಿಸುವಂತಿಲ್ಲ. ಆದರೆ ನೆರೆಹೊರೆಯ ನಾಲ್ಕು ಶಾಲೆಗಳ ವ್ಯವಸ್ಥಾಪಕರು ಸೇರಿ ಅದೇ ತಂಡವನ್ನು ತಮ್ಮ ಖರ್ಚಿನಲ್ಲಿ ಗೊತ್ತುಮಾಡುವುದಕ್ಕೆ ಅಡ್ಡಿಯಿಲ್ಲ. ತಂಡಕ್ಕೂ ಕೆಲಸದ ದಿನಗಳು ತುಂಬುತ್ತವೆ. ವ್ಯವಸ್ಥಾಪಕರು ಪರಸ್ಪರ ಮಾತನಾಡುವ ಸ್ಥಿತಿಯಲ್ಲಿದ್ದಾರೆಯೇ ಎಂಬುದು ನಾನು ಇಲ್ಲಿ ಚರ್ಚಿಸಲಾಗದ ವಿಷಯ.

ಇನ್ನು ಬಸ್ಸು ನಿಲ್ದಾಣದ ಆ ಹೆತ್ತವರ ಪ್ರಶ್ನೆಗೆ ಬರುತ್ತೇನೆ. ವಲಯ, ತಂಡ ಇವೆಲ್ಲ ಪಂಚಾಯತು ನಿರ್ಧರಿಸಬೇಕಾದ ಸಂಗತಿಗಳು. ಅವಕ್ಕೆ ಕಾಲ ಹಿಡಿದೀತು. ಈ ಜೂನಿಗೇ ಮಾಡಬಹುದಾದ ಕೆಲಸವೊಂದಿದೆ. ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲ ಬಳಿ ದಾರ ಕಟ್ಟಿದ ಒಂದು ನೋಟುಪುಸ್ತಕ ತೂಗುಹಾಕಿ. ಕಂಡದ್ದೇನು, ಕಂಡವರು ಯಾರು, ಯಾವ ದಿನ, ಯಾರಿಗೆ ತಿಳಿಸಿತು, ಅವರು ಬಂದದ್ದು ಯಾವಾಗ, ಮಾಡಿದ್ದೇನು ಎಂದು ಸಾಲು ಎಳೆಯಿರಿ. ಬಿಸಿಯೂಟದ ಅಡುಗೆಯಾಕೆಯೂ ಬರೆಯಲಿ. ಶೌಚಾಲಯದ ಹಿಂದಿನ ಪಾಗಾರ ವಾಲಿದ್ದನ್ನು ಮೊದಲು ಕಾಣುವವರು ಅವರೇ. ಮಕ್ಕಳೂ ಬರೆಯಲಿ, ಕಾಗುಣಿತ ತಪ್ಪಿದರೆ ತಿದ್ದೋಣ. ಕನ್ನಡದಲ್ಲಿ ಬರೆದರೆ ಕಚೇರಿಯಲ್ಲಿ ಓದುವವರಿಲ್ಲ ಎಂದು ಕೆಲವರು ಹಿಂಜರಿಯುತ್ತಾರೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲೋ ಕೇಂದ್ರದಲ್ಲೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಪುಸ್ತಕದ ಪುಟದ ಪ್ರತಿ ತೆಗೆದು, ಮೇಲೆ ಎರಡು ಸಾಲು ಬರೆದು, ರಕ್ಷಕ-ಶಿಕ್ಷಕ ಸಂಘದ ಅಧ್ಯಕ್ಷರ ಸಹಿಯೊಂದಿಗೆ ಪಂಚಾಯತಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ. ಗ್ರಾಮಸಭೆಗೆ ಹೋಗುವಾಗ ಪುಸ್ತಕವನ್ನೇ ಕೈಯಲ್ಲಿ ಹಿಡಿದುಹೋಗಿ. ಇಂಥ ಪುಸ್ತಕ ನನ್ನ ಬಳಿ ಇದ್ದಿದ್ದರೆ, ಹಂಚಿನವನನ್ನು ಕರೆಯುವ ದಿನವೇ ಬಡಗಿಯನ್ನೂ ಕರೆಯಬೇಕೆಂದು ನನಗೆ ಹೊಳೆಯುತ್ತಿತ್ತು. ಅದೇ ಮೂಲೆ ಮೂರು ವರ್ಷದ ಹಿಂದೆಯೂ ಸೋರಿತ್ತು, ಆಗಲೂ ರೀಪನ್ನೇ ದೂರಿದ್ದರು ಎಂದು ಅಡುಗೆಯಾಕೆ ನನಗೆ ಹೇಳಿದ್ದು ಅಕ್ಟೋಬರಿನಲ್ಲಿ.

ಪ್ರವೇಶೋತ್ಸವದ ದಿನ ಮಕ್ಕಳನ್ನು ಬಿಡಲು ಹೋದಾಗ ಫಿಟ್‌ನೆಸ್ ಸರ್ಟಿಫಿಕೇಟ್ ಬಂದಿದೆಯೇ ಎಂದು ವಿಚಾರಿಸಿ. ಎಂಜಿನಿಯರರು ನೋಡಿ ಹೋದ ದಿನ ಮಳೆ ಇತ್ತೇ ಎಂದೂ ಕೇಳಿ.